ಇನ್ನೂರು ಜನರ ದಾಸೋಹ

ನಿರಂಜನಯ್ಯನವರು ಎರಡು ವರ್ಷದ ಯಾತ್ರೆ ಮುಗಿಸಿ ಹೊಳೆದಂಡೆಯ ಮಠಕ್ಕೆ ಮರಳಿದಾಗ ಎದುರಿನ ಗುಡ್ಡ ಬೋಳಾಗಿತ್ತು. ಹೊಳೆಯಲ್ಲಿ ಕೆಮ್ಮಣ್ಣಿನ ನೀರು ಹರಿಯುತ್ತಿತ್ತು.

ಮಠ ನೋಡಿಕೊಳ್ಳುತ್ತಿದ್ದ ಶಿಷ್ಯ ಶಂಭುದೇವ ಓಡಿ ಬಂದು ಪಾದ ಮುಟ್ಟಿದ.

"ಗುಡ್ಡದ ಕಾಡು ಏನಾಯಿತು?" ಗುರುಗಳು ಕೇಳಿದರು.

"ಕಾಗದದ ಕಾರ್ಖಾನೆಯವರು ಕಡಿದರು ಗುರುಗಳೇ. ಕಾಡಂಚಿನ ಹಾಡಿಯವರು ಮೊದಲು ಒಪ್ಪಲಿಲ್ಲ. ನಾನೇ ಹೋಗಿ, ಕೂತು ಮಾತಾಡಿ, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದೆ." ಶಿಷ್ಯನ ಮುಖ ಅರಳಿತ್ತು. "ಅದಕ್ಕೆ ಕಾರ್ಖಾನೆಯವರು ದಾಸೋಹಕ್ಕೆ ಹೊಸ ಮನೆ ಕಟ್ಟಿಸಿಕೊಟ್ಟರು. ತೊಲೆ, ಕಂಬ, ಬಾಗಿಲು ಎಲ್ಲ ಅದೇ ಗುಡ್ಡದ ಬೀಟೆ. ಮೊದಲು ಮೂವತ್ತು ಜನ ಉಣ್ಣುತ್ತಿದ್ದರು. ಈಗ ದಿನಕ್ಕೆ ಇನ್ನೂರು!"

ಗುರುಗಳು ಹೊಸ ಮನೆಯ ಮುಂದೆ ಬಿಸಿಲಲ್ಲಿ ತಟ್ಟೆ ಹಿಡಿದು ನಿಂತವರ ಸಾಲಿನತ್ತ ನಡೆದರು.

ಸಾಲಿನಲ್ಲಿ ಹಾಡಿಯ ಜಡೆಮ್ಮ ಇದ್ದಳು. ಮುತ್ತುಗದ ಊಟದೆಲೆ ಹಚ್ಚಿ, ಜೇನು ಹಿಂಡಿ ಮಠಕ್ಕೆ ತಂದುಕೊಡುತ್ತಿದ್ದವಳು. ಗುರುಗಳನ್ನು ಕಂಡು ತಟ್ಟೆಯನ್ನು ಸೆರಗಿನೊಳಗೆ ಅಡಗಿಸಿದಳು.

"ನೀನು ಇಲ್ಲಿ ಯಾಕೆ ನಿಂತೆ ತಾಯಿ?"

"ಏನ್ ಮಾಡ್ಲಿ ಬುದ್ಧಿ. ಜೇನಿಲ್ಲ, ನೆಲ್ಲಿಕಾಯಿ ಇಲ್ಲ, ಎಲೆ ಇಲ್ಲ. ಮಳೇಲಿ ಗುಡ್ಡದ ಮಣ್ಣು ಇಳಿದು ರಾಗಿ ಹೊಲ ಮುಚ್ಚೋಯ್ತು. ನೀರಿನ ಊಟೆ ಬತ್ತೋಯ್ತು. ಗಂಡಸರೆಲ್ಲ ಕಲ್ಲು ಒಡೆಯೋಕೆ ದೂರ ಹೋದ್ರು." ಅವಳು ಶಂಭುದೇವನತ್ತ ನೋಡಿದಳು. "ನಾವು ಯಾರ ಹತ್ರಾನೂ ಕೈ ಚಾಚಿದೋರಲ್ಲ. ಈ ಐನೋರು ಹೇಳಿದ್ರು ಅಂತ ಹೆಬ್ಬೆಟ್ಟು ಒತ್ತಿದ್ವಿ."

ಶಂಭುದೇವ ನಡುವೆ ಬಾಯಿ ಹಾಕಿದ. "ಅದಕ್ಕೇ ಅಲ್ಲವೇ ಇವರಿಗೆಲ್ಲ ಅನ್ನ ಹಾಕುತ್ತಿರುವುದು? ಇದಕ್ಕಿಂತ ದೊಡ್ಡ ಪುಣ್ಯ ಯಾವುದಿದೆ ಗುರುಗಳೇ?"

"ಪುಣ್ಯ!"

ಗುರುಗಳ ಆ ದನಿಗೆ ಇಡೀ ಸಾಲು ತಿರುಗಿ ನೋಡಿತು.

"ಎಷ್ಟು ಜನ ಉಣ್ಣುತ್ತಾರೆ ಅಂತ ಹೇಳಿದೆ. ದುಡಿದು ಉಣ್ಣುತ್ತಿದ್ದವರ ಕೈಗೆ ಈ ತಟ್ಟೆ ಕೊಟ್ಟವನು ಯಾರು? ಅದನ್ನೂ ಹೇಳು!"

ಶಿಷ್ಯ ತಲೆ ತಗ್ಗಿಸಿದ.

"ಬಿಸಿಲು ಜೋರಾಗಿದೆ," ಎಂದ. "ಒಳಗೆ ಬಂದು ಕೂತು ಬೈಯಿರಿ. ನಿಮಗೆಂದೇ ಪೀಠ ಹಾಕಿಸಿದ್ದೇನೆ."

ಗುರುಗಳು ಜೋಳಿಗೆಯಿಂದ ಭಿಕ್ಷಾಪಾತ್ರೆ ತೆಗೆದರು. ಸಾಲಿನ ಕೊನೆಗೆ ಹೋಗಿ ನಿಂತರು.

ಶಂಭುದೇವ ಹಿಂದೆಯೇ ಓಡಿದ. "ನೀವು ಇಲ್ಲಿ ನಿಲ್ಲಬಾರದು ಗುರುಗಳೇ. ದಯವಿಟ್ಟು ಒಳಗೆ ಬನ್ನಿ."

"ಒಳಗೆ ಜಾಗ ಎಲ್ಲಿದೆ?" ಎಂದರು ಗುರುಗಳು. "ಅಲ್ಲಿ ಇವರ ಕಾಡು ಕೂತಿದೆ."