ತೆಗೆದುಹಾಕಿದ ದೃಶ್ಯ

“ಕೋಪ ಬಿಟ್ಟೆ, ಸುಳ್ಳು ಬಿಟ್ಟೆ, ನಾಲಗೆಯ ಚಪಲ ಬಿಟ್ಟೆ. ಇನ್ನು ಬಿಡುವುದಕ್ಕೆ ಏನು ಉಳಿದಿದೆ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ತಿಪ್ಪೇಶ ಎಂಬೊಬ್ಬ ನಟನಾಗಬೇಕೆಂದು ಊರು ಬಿಟ್ಟು ಪಟ್ಟಣಕ್ಕೆ ಬಂದ. ಯಾರೂ ಪಾತ್ರ ಕೊಡಲಿಲ್ಲ. ಹೊಟ್ಟೆಪಾಡಿಗೆ, ಸಿನಿಮಾ ಸಂಕಲನ ಮಾಡುವ ಹಿರಿಯರೊಬ್ಬರ ಕೋಣೆಯಲ್ಲಿ ಕೆಲಸಕ್ಕೆ ಸೇರಿದ. ಮೊದಮೊದಲು ಕಸ ಗುಡಿಸಿದ, ಫಿಲ್ಮಿನ ಸುರುಳಿಗಳನ್ನು ಹೊತ್ತ. ಆಮೇಲೆ ಕತ್ತರಿಸಿದ ತುಂಡುಗಳನ್ನು ಅಂಟಿಸಲು ಕಲಿತ. ವರ್ಷಗಳು ಕಳೆದ ಮೇಲೆ ಹಿರಿಯರು ಅವನ ಕೈಗೆ ಕತ್ತರಿ ಕೊಟ್ಟರು. ಕೆಲಸ ಕೈಗೆ ಹತ್ತಿತು. ಆಸೆ ಮಾತ್ರ ಹೋಗಲಿಲ್ಲ.

ಒಮ್ಮೆ ಚಿತ್ರೀಕರಣಕ್ಕೆ ಒಬ್ಬ ನಟ ಬರಲಿಲ್ಲ. ನಿರ್ದೇಶಕರು ತಿಪ್ಪೇಶನನ್ನೇ ಕರೆದು ಬಣ್ಣ ಹಚ್ಚಿಸಿದರು. ತಂಗಿಗೆ ಅವಳ ಗಂಡ ತೀರಿಕೊಂಡ ಸುದ್ದಿ ಹೇಳಲು ಬಂದು, ಹೇಳಲಾಗದೆ ಬಾಗಿಲಲ್ಲೇ ನಿಲ್ಲುವ ಅಣ್ಣನ ಪಾತ್ರ. ಅವನು ನಿಂತ ರೀತಿಗೆ ದೀಪ ಹಿಡಿದವರ ಕಣ್ಣೂ ಒದ್ದೆಯಾಯಿತು. ಸಿನಿಮಾದಲ್ಲಿ ತಾನು ಬರುತ್ತೇನೆಂದು ಆ ದಿನವೇ ಅವ್ವನಿಗೆ ಹೇಳಿಕಳಿಸಿದ.

ಆ ಸಿನಿಮಾದ ಸಂಕಲನ ಅರ್ಧವಾಗಿರುವಾಗ ಹಿರಿಯರಿಗೆ ಕಣ್ಣು ಮಂಜಾಯಿತು. “ಇದನ್ನು ನೀನೇ ಮುಗಿಸಪ್ಪ” ಎಂದು ಎದ್ದು ಹೋದರು. ತಿಪ್ಪೇಶ ಸ್ವಂತವಾಗಿ ಕೈಗೆತ್ತಿಕೊಂಡ ಮೊದಲ ಚಿತ್ರ ಅದು.

ಚಿತ್ರ ಚೆನ್ನಾಗಿ ಸಾಗುತ್ತಿತ್ತು. ಅಣ್ಣ ಬಾಗಿಲಿಗೆ ಬಂದು ನಿಂತೊಡನೆ ಅದೂ ನಿಂತುಬಿಡುತ್ತಿತ್ತು. ಗಂಡನ ಸೈಕಲ್ಲನ್ನು ಬೇರೆ ಯಾರೋ ತಳ್ಳಿಕೊಂಡು ಬರುವುದನ್ನು ತಂಗಿ ಹಿಂದಿನ ದೃಶ್ಯದಲ್ಲೇ ಕಿಟಕಿಯಿಂದ ನೋಡಿದ್ದಳು. ಸುದ್ದಿ ಅವಳಿಗೂ ನೋಡುವವರಿಗೂ ಆಗಲೇ ತಿಳಿದುಹೋಗಿತ್ತು; ಅಣ್ಣ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ತಿಪ್ಪೇಶ ಹಿಂದಿನ ದೃಶ್ಯವನ್ನು ಮೊಟಕುಮಾಡಿ ನೋಡಿದ, ಮುಂದಿನದನ್ನು ಮೊಟಕುಮಾಡಿ ನೋಡಿದ. ತನ್ನದನ್ನು ಮುಟ್ಟಲಿಲ್ಲ.

“ಇರಲಿ ಬಿಡಯ್ಯ. ಇದನ್ನು ನೋಡಿದರೆ ನಾಳೆ ನಾಲ್ಕು ಜನ ನಿನ್ನನ್ನು ಕರೀತಾರೆ” ಎಂದರು ನಿರ್ದೇಶಕರು.

ಅದು ಅವನಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಕೋಣೆಗೆ ಬಂದವನೇ, ಕೂರದೆ, ಆ ದೃಶ್ಯವನ್ನು ಪೂರ್ತಿ ತೆಗೆದುಹಾಕಿದ.

ಅವ್ವನಿಗೆ ತಿಳಿಸುವ ಧೈರ್ಯ ಬರಲಿಲ್ಲ. ಅವಳು ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಬಸ್ಸು ಹತ್ತಿ ಸಿನಿಮಾಕ್ಕೆ ಬಂದಳು. ಆಟ ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಬಂದಳು.

“ನಾನು ಎಲ್ಲೂ ಬರಲಿಲ್ಲ ಕಣವ್ವ” ಎಂದ ಹೊರಗೆ ಕಾದಿದ್ದ ತಿಪ್ಪೇಶ.

“ಹೌದಲ್ವೇನೋ! ಆ ಹುಡುಗಿ ಪಾಡು ನೋಡ್ತಾ ನೋಡ್ತಾ ನಿನ್ನ ಹುಡುಕೋದೇ ಮರೆತುಬಿಟ್ಟೆ” ಎಂದಳು ಅವ್ವ.

ಅವನಿಗೆ ನಗು ಬಂತು. ಮುಂದೆ ಎಷ್ಟೋ ಚಿತ್ರಗಳು ಅವನ ಕೋಣೆಗೆ ಬಂದವು. ಎಲ್ಲವೂ ಸಂಕಲನಕ್ಕೆ. ಬಣ್ಣ ಹಚ್ಚಲು ಮತ್ತೆ ಯಾರೂ ಕರೆಯಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅಷ್ಟು ಚೆನ್ನಾಗಿದ್ದುದನ್ನು ತೆಗೆಯಬೇಕಿತ್ತೇ, ಗುರುಗಳೇ?” ಎಂದ.

“ಕೆಟ್ಟದ್ದನ್ನು ತೆಗೆಯುವುದಷ್ಟೇ ಆಗಿದ್ದರೆ, ನೀನು ನನ್ನವರೆಗೆ ಬರಬೇಕಿರಲಿಲ್ಲ” ಎಂದರು ಗುರುಗಳು.