ಸುರುಳಮ್ಮನ ಮನೆಯ ಸೂತಕ

"ಹತ್ತಿರ ಬಾ. ಇದು ನಮ್ಮಿಬ್ಬರಲ್ಲೇ ಇರಲಿ, ಬಾಯಿಬಿಟ್ಟರೆ ನನ್ನಾಣೆ," ಎಂದು ಮುದಿ ಗೆಲಾಕ್ಸಿ ಗುಂಡಜ್ಜಿ ದನಿ ತಗ್ಗಿಸಿದಳು. ಕೇಳುತ್ತಿದ್ದವಳು ಪುಟ್ಟ ಗೆಲಾಕ್ಸಿ ಚುಕ್ಕಿ. ಪಕ್ಕದ ಸುರುಳಿ ಗೆಲಾಕ್ಸಿ ಸುರುಳಮ್ಮ ಅವಳನ್ನು ಸೊಸೆಯಾಗಿ ಮನೆ ತುಂಬಿಸಿಕೊಳ್ಳಲು ಕೇಳಿದ್ದಳು. ಚುಕ್ಕಿ ಇನ್ನೂ ಹೂಂ ಅಂದಿರಲಿಲ್ಲ.

"ಆ ಮನೆಯಲ್ಲಿ ಸೂತಕ ಕಳೆಯುವುದೇ ಇಲ್ಲ ಕಣೇ. ಒಂದು ನಕ್ಷತ್ರ ಸಿಡಿದು ಸತ್ತ ಬೂದಿ ಆರುವ ಮೊದಲೇ ಇನ್ನೊಂದು ಢಮಾರ್ ಅನ್ನುತ್ತೆ. ಭೂಮಿಯವರು ದುರ್ಬೀನಿಟ್ಟು ನೋಡಿ ಮೂಗಿನ ಮೇಲೆ ಬೆರಳಿಟ್ಟಿದ್ದಾರೆ. ಅದಕ್ಕೆ ಸೂಪರ್‌ನೋವಾ ಅಂತ ಚಂದದ ಹೆಸರು ಬೇರೆ. ನಮ್ಮ ಮನೆ ನೋಡು, ಒಬ್ಬರು ಕೆಮ್ಮಿದ್ದೂ ಇಲ್ಲ."

ಚುಕ್ಕಿಯ ಮುಖ ಬಾಡಿತು. "ಹಾಗಾದರೆ ಬೇಡ ಅಂದುಬಿಡಲೇ, ಅಜ್ಜಿ?"

ಅಜ್ಜಿಗೆ ಹೋಳಿಗೆ ಉಂಡಷ್ಟು ತೃಪ್ತಿಯಾಯಿತು. "ನಾನು ಹೇಳಿದೆ ಅನ್ನಬೇಡ ಮತ್ತೆ," ಎನ್ನುವಷ್ಟರಲ್ಲಿ, ಎಲ್ಲವನ್ನೂ ಕೇಳಿಸಿಕೊಂಡಿದ್ದ ಸುರುಳಮ್ಮ ತೋಳು ಬೀಸಿಕೊಂಡು ಬಂದು ಎದುರಿಗೇ ನಿಂತಳು.

"ಗುಂಡಜ್ಜಿ, ನೀವು ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಸೂತಕ ಕಳೆಯುವುದಿಲ್ಲ. ಸತ್ತವರ ಬೂದಿಯಲ್ಲೇ ಮಕ್ಕಳು ಹುಟ್ಟುತ್ತವೆ, ಹಾಗಾಗಿ ಹೆರಿಗೆಯ ಪುರುಡೂ ಕಳೆಯುವುದಿಲ್ಲ. ನಿಮ್ಮ ಮನೆಯಲ್ಲಿ ಯಾರೂ ಸಿಡಿಯುವುದಿಲ್ಲ, ಒಪ್ಪಿದೆ. ಅಲ್ಲಿ ತೊಟ್ಟಿಲು ಕಟ್ಟಿ ಎಷ್ಟು ಕೋಟಿ ವರ್ಷವಾಯಿತು, ಅದನ್ನೂ ಹುಡುಗಿಗೆ ಹೇಳಿ."