ಐವರು ಅಕ್ಕತಂಗಿಯರು, ಎರಡು ಲೆನ್ಸು

"ಗುರುಗಳೇ, ಜಪ ಹಿಡಿಯಲೋ, ಸೇವೆ ಹಿಡಿಯಲೋ? ಮೂರು ವರ್ಷದಿಂದ ತೂಗಿ ನೋಡುತ್ತಿದ್ದೇನೆ" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಛಾಯಾಗ್ರಾಹಕನಿದ್ದ. ಅವನದು ರೇಂಜ್‌ಫೈಂಡರ್ ಕ್ಯಾಮೆರಾ. ಅದರಲ್ಲಿ ಕಣ್ಣಿಟ್ಟು ನೋಡುವ ಕಿಟಕಿ ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ. ಇಕ್ಕಟ್ಟಾದ ಕೋಣೆಯಲ್ಲೂ ಎಲ್ಲರನ್ನೂ ಹಿಡಿಸುವ ಅಗಲ ನೋಟದ ಲೆನ್ಸು ಅವನಿಗೆ ಬೇಕಿತ್ತು. ವ್ಯಾಪಾರಿ ಎರಡನ್ನು ಮುಂದಿಟ್ಟ. ಎರಡನ್ನೂ ಕೈಯಿಂದ ತಿರುಗಿಸಿಯೇ ಫೋಕಸ್ ಮಾಡಬೇಕು. ಒಂದು ಮೂಲೆಮೂಲೆಯನ್ನೂ ಚೂಪಾಗಿ ತೋರುವಂಥದು. ಇನ್ನೊಂದರ ಮೂಲೆ ಕೊಂಚ ಮಸುಕು, ಆದರೆ ಮಬ್ಬು ಬೆಳಕಿಗೆ ಅಂಜದು.

"ಎರಡನ್ನೂ ಒಯ್ದು ನೋಡಿ. ಗೀರು ಬೀಳದಂತೆ ತಂದರಾಯಿತು" ಎಂದ ವ್ಯಾಪಾರಿ.

ಛಾಯಾಗ್ರಾಹಕ ಹಿತ್ತಿಲಿನ ಇಟ್ಟಿಗೆ ಗೋಡೆಯನ್ನು ಎರಡರಲ್ಲೂ ತೆಗೆದ. ಭೂತಗನ್ನಡಿ ಹಿಡಿದು ಇಟ್ಟಿಗೆಗೆ ಇಟ್ಟಿಗೆ ಹೋಲಿಸಿದ. ಪರರ ಸರಕಲ್ಲವೇ, ಒಂದೊಂದು ಪಟ ತೆಗೆದ ಮೇಲೂ ಲೆನ್ಸಿಗೆ ಮುಚ್ಚಳ ಹಾಕುತ್ತಿದ್ದ. ಮೂರು ವಾರ ಹೀಗೇ ಹೋಯಿತು.

"ಇನ್ನೊಂದೇ ವಾರ ಸಾಹುಕಾರರೇ. ಇತ್ಯರ್ಥ ಮಾಡಿಯೇ ತೀರುತ್ತೇನೆ."

"ಮಾಡಿ ಸ್ವಾಮಿ. ಗೋಡೆಗೇನು ಅವಸರ, ಎದ್ದು ಹೋಗುತ್ತದೆಯೇ?"

ಆ ವಾರವೇ ಅವನಿಗೆ ಕರೆ ಬಂತು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಐವರು ಅಕ್ಕತಂಗಿಯರು ಮುನಿಸು ಮರೆತು ಹಿರಿಯಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಕೂಡಿದ್ದರು. ಸಂಜೆಯ ಬಸ್ಸಿಗೆ ಮತ್ತೆ ಅವರವರ ಊರು.

"ಈ ಪಟ ಒಂದು ಬೇಕೇ ಬೇಕಪ್ಪ. ಇನ್ನೊಮ್ಮೆ ಸೇರುತ್ತೇವೋ ಇಲ್ಲವೋ" ಎಂದಳು ಹಿರಿಯಕ್ಕ.

ಗೋಡೆಯಲ್ಲಿ ಮುಗಿಯದ ಇತ್ಯರ್ಥ ಇಲ್ಲಾದರೂ ಮುಗಿಯಲಿ ಎಂದುಕೊಂಡ. ಮೊದಲ ಲೆನ್ಸಿನಲ್ಲಿ ತೆಗೆದ. ಅದನ್ನು ಬಿಚ್ಚಿ ಎರಡನೆಯದನ್ನು ತೊಡಿಸಿ ಮತ್ತೆ ತೆಗೆದ.

"ಬೇಗ ಆಗಲಪ್ಪ, ನಗು ಒಣಗಿಹೋಯಿತು" ಎಂದಳು ಕಿರಿಯವಳು.

ಕ್ಯಾಮೆರಾದ ಕಿಟಕಿಯಲ್ಲಿ ಐದೂ ಮುಖ ನಿಚ್ಚಳವಾಗಿದ್ದವು. ರೀಲು ತೊಳೆದರೆ ಒಂದೂ ಇಲ್ಲ. ಅವಸರದಲ್ಲಿ ಎರಡೂ ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ.

ಅಷ್ಟರಲ್ಲಿ ಬಸ್ಸುಗಳು ಹೊರಟುಹೋಗಿದ್ದವು. ಅವನು ಎರಡೂ ಲೆನ್ಸನ್ನು ಅಂಗಡಿಯ ಕಟ್ಟೆಯ ಮೇಲಿಟ್ಟ. "ಯಾವುದು ಮೇಲು ಸ್ವಾಮಿ?" ಎಂದ ವ್ಯಾಪಾರಿ. ಛಾಯಾಗ್ರಾಹಕ ಕೈಗೆ ಹತ್ತಿರವಿದ್ದುದನ್ನು ಕೊಂಡ. ಮುಚ್ಚಳವನ್ನು ಅಲ್ಲೇ ಬಿಟ್ಟ. ಐದು ಊರಿಗೂ ಹೋದ. ಐವರ ಮನೆಯಲ್ಲಿ ಐದು ಪಟ ತೆಗೆದ. ಹಿರಿಯಕ್ಕ ಕೇಳಿದ್ದ ಆ ಒಂದು ಮಾತ್ರ ಬರಲಿಲ್ಲ.

ಗುರುಗಳು ಕಥೆ ಮುಗಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಕೊನೆಗೆ ಕೊಂಡದ್ದು ಯಾವ ಲೆನ್ಸು ಗುರುಗಳೇ?"

"ಈ ಮೂರು ವರ್ಷ ನೀನು ತೆಗೆದ ಪಟ ತೋರಿಸು, ಹೇಳುತ್ತೇನೆ."